ಸೂರ್ಯೋದಯದ ಎದುರು ಪ್ರಾಣಿಗಳ ಸಿಲೂಯೆಟ್: ಸೆಟ್ಟಿಂಗ್ ಆಮೇಲೆ, ಮೊದಲು ಆಕಾರ ನೋಡ್ರಪ್ಪ

ನಸುಕಿನ_ದಾರಿ:
ಎಲ್ರಿಗೂ ನಮಸ್ಕಾರ. ಸೂರ್ಯೋದಯದ ಎದುರು ಪ್ರಾಣಿ ಬರೀ ಕಪ್ಪು ಆಕಾರವಾಗಿ ನಿಂತಿರೋ ಫೋಟೋ, ಅಂದ್ರೆ ಸಿಲೂಯೆಟ್, ಹಾಕಿದ ತಕ್ಷಣ ಬರೋ ಮೊದಲ ಪ್ರಶ್ನೆ "ಸೆಟ್ಟಿಂಗ್ ಏನ್ ಸರ್" ಅಂತ. ಹೇಳೋಕೆ ನಂಗೇನೂ ಬೇಜಾರಿಲ್ಲ, ಆದ್ರೆ ಈ ಥರ ಫೋಟೋದಲ್ಲಿ ಸೆಟ್ಟಿಂಗ್ ಅನ್ನೋದು ತೀರಾ ಸುಲಭದ ಭಾಗ, ಒಂದು ಬೆಳಿಗ್ಗೆ ಕೂತು ಡಯಲ್ ತಿರುಗಿಸಿದ್ರೆ ಯಾರಿಗಾದ್ರೂ ಕೈಗೆ ಹತ್ತುತ್ತೆ. ಕಷ್ಟ ಇರೋದು ಆಕಾರದಲ್ಲಿ. ಬೆಳಕು ಪ್ರಾಣಿಯ ಹಿಂದಿನಿಂದ ಬಂದಾಗ ಕಣ್ಣು, ಮೈಬಣ್ಣ, ಚುಕ್ಕೆ, ಪಟ್ಟೆ ಎಲ್ಲಾ ಅಳಿಸಿಹೋಗಿ ಹೊರಗೆರೆ ಒಂದೇ ಉಳಿಯುತ್ತೆ, ಹಂಗಾಗಿ ಆ ಗೆರೆ ತಾನೇ ಇದು ಯಾವ ಪ್ರಾಣಿ, ಏನ್ ಮಾಡ್ತಿದೆ ಅಂತ ಪೂರ್ತಿ ಹೇಳ್ಬೇಕು.

ಆನೆ ನೇರ ನಮ್ಮ ಕಡೆ ಮುಖ ಮಾಡಿ ನಿಂತ್ರೆ ಹಗಲಲ್ಲಿ ಅದ್ಭುತ ಫೋಟೋ, ಸಿಲೂಯೆಟ್‌ನಲ್ಲಿ ಮಾತ್ರ ಬರೀ ಒಂದು ದೊಡ್ಡ ಗುಡ್ಡೆ, ಯಾಕಂದ್ರೆ ಸೊಂಡಿಲು ಕಾಲುಗಳ ಕಪ್ಪಲ್ಲಿ ಸೇರ್ಕೊಂಡು ಕಾಣೋದೇ ಇಲ್ಲ. ಅದೇ ಆನೆ ಪಕ್ಕಕ್ಕೆ ತಿರುಗಿ ಸೊಂಡಿಲನ್ನ ಒಂಚೂರು ಮುಂದಕ್ಕೆ ಚಾಚಿದ್ರೆ ಸೊಂಡಿಲಿಗೂ ಮುಂಗಾಲಿಗೂ ನಡುವೆ ಆಕಾಶದ ಒಂದು ಸೀಳು ಕಾಣುತ್ತಲ್ಲ, ಇಡೀ ಫೋಟೋ ನಿಂತಿರೋದು ಆ ಸೀಳಿನ ಮೇಲೆ. ನಾನು ಕ್ಲಿಕ್ ಮಾಡೋ ಮುಂಚೆ ನೋಡೋದು ಕಪ್ಪನ್ನಲ್ಲ, ಕಪ್ಪಿನ ನಡುವೆ ಬೆಳಕು ಎಲ್ಲೆಲ್ಲಿ ತೂರ್ತಾ ಇದೆ ಅಂತ. ನಾಲ್ಕು ಕಾಲಿನ ನಡುವೆ, ಕಿವಿ ಮತ್ತೆ ಕೊಂಬಿನ ನಡುವೆ, ಬಾಲ ಮತ್ತೆ ತೊಡೆ ನಡುವೆ, ಎರಡು ಪ್ರಾಣಿ ಇದ್ರೆ ಅವುಗಳ ಮೂತಿ ಮೂತಿ ನಡುವೆ. ಇದರ ಬಗ್ಗೆ ಎಲ್ರೂ ನಿಮ್ಮ ನಿಮ್ಮ ಅನುಭವ ಬರೀರಿ.

ಹೊಸ_ಲೆನ್ಸ್:
ಸರ್ ಒಂದು ಡೌಟ್. ಬಯಲಲ್ಲಿ ಜೀಪ್ ಮೇಲಿಂದ ತೆಗೆದ ಫೋಟೋಗಳಲ್ಲಿ ಹಿಂದೆ ಆಕಾಶ ಕೆಂಪಗೆ ಚೆನ್ನಾಗೇ ಇರುತ್ತೆ, ಆದ್ರೂ ಜಿಂಕೆ ಮಾತ್ರ ನೆಲದ ಕಪ್ಪಲ್ಲಿ ಮುಳುಗೋಗುತ್ತೆ, ಬರೀ ಕೊಂಬೋ ಕಿವಿಯೋ ಮೇಲೆ ಕಾಣುತ್ತೆ. ಇದು ಎಕ್ಸ್‌ಪೋಷರ್ ಸಮಸ್ಯೆನಾ ಇಲ್ಲ ನಿಂತಿರೋ ಜಾಗದ್ದಾ?

ಲೆಕ್ಕದ_ಮೇಷ್ಟ್ರು:
ಜಾಗದ್ದೇ ಮಾರಾಯ, ಅದ್ರಲ್ಲೂ ಎತ್ತರದ್ದು. ಇದನ್ನ ಒಂದ್ಸಲ ತಲೆಗೆ ಹಾಕ್ಕೊಂಡ್ರೆ ಮರೆಯಲ್ಲ: ಸಮತಟ್ಟು ನೆಲದಲ್ಲಿ ದಿಗಂತದ ಗೆರೆ ಪ್ರಾಣಿಯನ್ನ ಯಾವಾಗ್ಲೂ ನಿಮ್ಮ ಕ್ಯಾಮೆರಾ ಎಷ್ಟು ಎತ್ತರದಲ್ಲಿದ್ಯೋ ಅಷ್ಟೇ ಎತ್ತರದಲ್ಲಿ ಹಾದುಹೋಗುತ್ತೆ. ಪ್ರಾಣಿ ಹತ್ರ ಇರ್ಲಿ ದೂರ ಇರ್ಲಿ ಅದು ಬದಲಾಗಲ್ಲ. ಕ್ಯಾಮೆರಾ ಜೀಪ್ ಮೇಲೆ ಎರಡೂವರೆ ಮೀಟರ್ ಎತ್ತರದಲ್ಲಿದ್ರೆ ಗೆರೆ ಜಿಂಕೆಯ ತಲೆಗಿಂತ ಎಷ್ಟೋ ಮೇಲೆ ಹೋಯ್ತು, ಅಂದ್ರೆ ಜಿಂಕೆ ಪೂರ್ತಿ ನೆಲದ ಎದುರೇ ನಿಂತಂಗೆ, ಕಪ್ಪಿನ ಮೇಲೆ ಕಪ್ಪು. ನಿಂತ್ಕೊಂಡು ಒಂದೂವರೆ ಮೀಟರ್‌ನಿಂದ ತೆಗೆದ್ರೂ ಬೆನ್ನು ಗೆರೆಯಿಂದ ಕೆಳಗೇ ಉಳಿಯುತ್ತೆ. ನೆಲಕ್ಕೆ ಮಲಗಿ ಕ್ಯಾಮೆರಾನ 30 ಸೆಂಟಿಮೀಟರ್‌ಗೆ ಇಳಿಸಿ ನೋಡಿ, ಗೆರೆ ಮೊಣಕಾಲಿನ ಆಸುಪಾಸಿಗೆ ಬಂತು, ಹೊಟ್ಟೆ, ಕುತ್ತಿಗೆ, ತಲೆ ಎಲ್ಲಾ ಆಕಾಶದಲ್ಲಿ.

ಅದಕ್ಕೇ ಒಂದೇ ಜೀಪ್‌ನಿಂದ ಜಿರಾಫೆ ಸಿಲೂಯೆಟ್ ಸುಲಭವಾಗಿ ಸಿಗುತ್ತೆ, ಜಿಂಕೆದು ಸಿಗಲ್ಲ. ಗಾಡಿಯಿಂದ ಇಳಿಯೋ ಹಾಗಿಲ್ಲ ಅನ್ನೋ ಕಡೆ ದಿಬ್ಬದ ಮೇಲೆ ಪ್ರಾಣಿ, ತಗ್ಗಲ್ಲಿ ನೀವು ಅನ್ನೋ ಜಾಗ ಹುಡುಕಿ. ಏರಿ, ಗುಡ್ಡದ ನೆತ್ತಿ, ಮರಳುದಿಣ್ಣೆ ಇವೆಲ್ಲಾ ಇದಕ್ಕೆ ಹೇಳಿ ಮಾಡಿಸಿದ ಜಾಗಗಳು.

ಹೊಸ_ಲೆನ್ಸ್:
ಮೇಷ್ಟ್ರೇ ಇದು ಗೊತ್ತೇ ಇರ್ಲಿಲ್ಲ, ತುಂಬಾ ಥ್ಯಾಂಕ್ಸ್. ಹಂಗಾದ್ರೆ ದೊಡ್ಡ ಸೂರ್ಯನ ಒಳಗೇ ಇಡೀ ಪ್ರಾಣಿ ನಿಂತಿರೋ ಫೋಟೋಗಳು ಬರ್ತವಲ್ಲ ಅವೆಲ್ಲಾ ಎಡಿಟಿಂಗ್ ಅಲ್ವಾ? ಸೂರ್ಯ ಅಷ್ಟು ದೊಡ್ಡದಾಗಿ ಹೆಂಗೆ ಬರುತ್ತೆ?

ಲೆಕ್ಕದ_ಮೇಷ್ಟ್ರು:
ಎಡಿಟಿಂಗ್ ಮಾಡಿರೋದೂ ಇವೆ, ನಿಜವಾದ್ದೂ ಇವೆ, ಲೆಕ್ಕ ಹಾಕಿದ್ರೆ ಎಷ್ಟೋ ಸಲ ಗೊತ್ತಾಗುತ್ತೆ. ಆಕಾಶದಲ್ಲಿ ಸೂರ್ಯನ ಅಗಲ ಹೆಚ್ಚುಕಮ್ಮಿ ಅರ್ಧ ಡಿಗ್ರಿ. ಸೆನ್ಸರ್ ಮೇಲೆ ಅದು ಎಷ್ಟು ಮಿಲಿಮೀಟರ್ ಅಂತ ಬೇಕಿದ್ರೆ ಫೋಕಲ್ ಲೆಂತ್‌ನ 108ರಿಂದ ಭಾಗಿಸಿ. 400 ಎಂಎಂ ಲೆನ್ಸ್‌ಗೆ 3.7 ಮಿಲಿಮೀಟರ್, 600ಕ್ಕೆ ಸುಮಾರು 5.6. ಫುಲ್ ಫ್ರೇಮ್ ಸೆನ್ಸರ್‌ನ ಎತ್ತರ 24 ಮಿಲಿಮೀಟರ್, ಅಂದ್ರೆ 600ರಲ್ಲಿ ಸೂರ್ಯ ಫ್ರೇಮ್‌ನ ಕಾಲುಭಾಗಕ್ಕೆ ಹತ್ರ ಹತ್ರ. 24 ಎಂಎಂ ವೈಡ್ ಲೆನ್ಸ್‌ನಲ್ಲಿ ಅದೇ ಸೂರ್ಯ ಒಂದು ಚುಕ್ಕಿ. ಹಂಗಾಗಿ ವೈಡ್ ಆಗಿ ಕಾಣೋ ಬಯಲಿನ ಮೇಲೆ ತಟ್ಟೆಯಷ್ಟು ಸೂರ್ಯ ಕೂತಿದ್ರೆ ಅನುಮಾನ ಪಡಬಹುದು.

ಇನ್ನು ಪ್ರಾಣಿ ಸೂರ್ಯನ ಒಳಗೆ ಹಿಡಿಸ್ಬೇಕು ಅಂದ್ರೆ ಅದರ ಎತ್ತರದ 108 ಪಟ್ಟು ದೂರದಲ್ಲಿ ನೀವಿರ್ಬೇಕು. ಕೊಂಬು ಸೇರಿ ಒಂದೂವರೆ ಮೀಟರ್ ಇರೋ ಜಿಂಕೆಗೆ 160 ಮೀಟರ್ ಚಿಲ್ಲರೆ, ಮೂರು ಮೀಟರ್ ಆನೆಗೆ 325 ಮೀಟರ್ ಹತ್ರ, ಐದು ಮೀಟರ್ ಜಿರಾಫೆಗೆ ಅರ್ಧ ಕಿಲೋಮೀಟರ್‌ಗೂ ಜಾಸ್ತಿ. ಲೆನ್ಸ್ ಬದಲಾಯಿಸಿದ್ರೆ ಎರಡೂ ಒಟ್ಟಿಗೆ ದೊಡ್ಡದಾಗುತ್ತೆ ಒಟ್ಟಿಗೆ ಚಿಕ್ಕದಾಗುತ್ತೆ, ಪ್ರಾಣಿಗೂ ಸೂರ್ಯನಿಗೂ ಇರೋ ಅಳತೆ ಬದಲಾಗೋದು ದೂರದಿಂದ ಮಾತ್ರ. ಜನ ಹತ್ರ ಹೋಗೋಕೆ ಒದ್ದಾಡ್ತಾರೆ, ಇಲ್ಲಿ ಹಿಂದಕ್ಕೆ ಹೋಗ್ಬೇಕು.

ಇನ್ನೊಂದು ವಿಷಯ, ಅಷ್ಟು ದೂರ ನಿಂತಾಗ ನೀವು ಬಲಕ್ಕೆ ಒಂದು ಮೀಟರ್ ಸರಿದ್ರೆ ಸೂರ್ಯನೂ ಪ್ರಾಣಿಗೆ ಹೋಲಿಸಿದ್ರೆ ಬಲಕ್ಕೆ ಒಂದು ಮೀಟರ್ ಸರಿಯುತ್ತೆ. ಅಂದ್ರೆ 325 ಮೀಟರ್ ಆಚೆ ಇರೋ ಆನೆಯ ಹಣೆ ಹಿಂದಿಂದ ಸೂರ್ಯನ್ನ ಬಾಲದ ಹಿಂದಕ್ಕೆ ತರೋಕೆ ನಾಲ್ಕಾರು ಹೆಜ್ಜೆ ಸಾಕು. ಆದ್ರೆ ಟೈಮ್ ಇರಲ್ಲ, ಸೂರ್ಯ ತನ್ನ ಅಗಲದಷ್ಟು ದೂರ ಸರಿಯೋಕೆ ತಗೊಳ್ಳೋದು ಎರಡು ನಿಮಿಷ ಅಷ್ಟೇ, ಟ್ರೈಪಾಡ್ ಬಿಚ್ಚಿ ಮಡಚಿ ಮಾಡ್ತಾ ಕೂತ್ರೆ ಮುಗೀತು.

ರೆಕ್ಕೆಪುಕ್ಕ:
ಮೇಷ್ಟ್ರ ಲೆಕ್ಕ ಹಕ್ಕಿಗೂ ಸರಿಹೋಗುತ್ತೆ, ಸಣ್ಣ ಹಕ್ಕಿ ಕೊಂಬೆ ಮೇಲೆ ಕೂತಿದ್ರೆ ಇಪ್ಪತ್ತು ಮೂವತ್ತು ಮೀಟರ್‌ನಲ್ಲೇ ಸೂರ್ಯನೊಳಗೆ ಬರುತ್ತೆ. ಆದ್ರೆ ಹಾರೋ ಹಕ್ಕಿಗೆ ನಸುಕಿನ_ದಾರಿ ಸರ್ ಹೇಳಿದ ಆಕಾರದ ಮಾತು ಇನ್ನೂ ಹೆಚ್ಚು ಅನ್ವಯ ಆಗುತ್ತೆ. ಪಕ್ಕದಿಂದ ನೋಡಿದಾಗ ರೆಕ್ಕೆ ಪೂರ್ತಿ ಮೇಲಿರ್ಬೇಕು ಇಲ್ಲ ಪೂರ್ತಿ ಕೆಳಗಿರ್ಬೇಕು, ಮಧ್ಯದಲ್ಲಿದ್ರೆ ರೆಕ್ಕೆ ಅಂಚು ಮಾತ್ರ ಕಾಣುತ್ತೆ, ಹಕ್ಕಿ ಒಂದು ಕಡ್ಡಿ ಥರ ಬರುತ್ತೆ. ನಾನು ಬರ್ಸ್ಟ್‌ನಲ್ಲಿ (ಒಂದೇ ಒತ್ತಿಗೆ ಸಾಲಾಗಿ ಹಲವು ಫೋಟೋ) ತೆಗೆದು ಅದ್ರಲ್ಲಿ ಮೇಲೆ ಕೆಳಗೆ ಇರೋದನ್ನೇ ಆರಿಸ್ಕೊಳ್ತೀನಿ, ಶಟರ್ 1/2000 ಸೆಕೆಂಡ್ ಹತ್ರ ಇಟ್ಟಿರ್ತೀನಿ.

ಗುರುತು ಕೂಡ ಆಕಾರದಲ್ಲೇ ಸಿಗುತ್ತೆ ನೋಡಿ. ಬೆಳ್ಳಕ್ಕಿ, ಬಕಗಳು ಹಾರುವಾಗ ಕುತ್ತಿಗೆ ಹಿಂದಕ್ಕೆ ಮಡಚಿಕೊಳ್ತವೆ, ಕೊಕ್ಕರೆ, ಸಾರಸ ಕುತ್ತಿಗೆ ಮುಂದಕ್ಕೆ ಚಾಚಿಕೊಂಡೇ ಹಾರ್ತವೆ. ಬಣ್ಣ ಒಂದ್ ಚೂರೂ ಇಲ್ದೆ, ಬರೀ ಕಪ್ಪು ಗೆರೆ ನೋಡಿ ಯಾವ ಜಾತಿ ಅಂತ ಹೇಳಿದಾಗ ಆಗೋ ಖುಷಿನೇ ಬೇರೆ. ಗುಂಪು ಹಾರುವಾಗ ಮಾತ್ರ ಒಂದರ ಮೇಲೊಂದು ಬೀಳದ ಹಾಗೆ ಬಿಡಿಬಿಡಿಯಾಗಿ ಬರೋ ಗಳಿಗೆಗೆ ಕಾಯ್ಬೇಕು, ಐವತ್ತು ಹಕ್ಕಿ ಒತ್ತೊತ್ತಾಗಿ ಇರೋದಕ್ಕಿಂತ ಐದು ಬಿಡಿಸಿ ಕಾಣೋದು ವಾಸಿ.

ಕಪ್ಪುಬಿಳುಪು:
ನಂದು ಸ್ವಲ್ಪ ಭಿನ್ನಾಭಿಪ್ರಾಯ ಇದೆ ರೀ. ಎಲ್ಲಾ ಇದ್ದಿಲಿನ ಥರ ಕಪ್ಪು ಮಾಡ್ಬಿಟ್ರೆ ಪ್ರಾಣಿ ಅಂಟಿಸಿದ ಕಾಗದದ ಚೂರಿನಂಗೆ ಕಾಣುತ್ತೆ. ನಂಗೆ ಕತ್ತಿನ ರೋಮದ ಮೇಲೆ, ಕಿವಿ ಅಂಚಲ್ಲಿ ಚಿನ್ನದ ಗೆರೆ ಬಂದು ಒಳಗೆ ಒಂಚೂರು ಮೈ ಕಾಣೋ ಫೋಟೋನೇ ಇಷ್ಟ. ಜೀವ ಇರುತ್ತೆ ಅದ್ರಲ್ಲಿ. ಎಡಿಟಿಂಗ್‌ನಲ್ಲಿ ಶ್ಯಾಡೋ ಎತ್ತಿ, ಅಂದ್ರೆ ಕಪ್ಪು ಭಾಗ ಬೆಳಗಿಸಿ, ಅಷ್ಟು ತೋರಿಸಿದ್ರೆ ತಪ್ಪೇನು?

ನಸುಕಿನ_ದಾರಿ:
ತಪ್ಪಿಲ್ಲ, ಆದ್ರೆ ನೀವು ಹೇಳ್ತಿರೋದು ರಿಮ್ ಲೈಟ್, ಅದು ಬೇರೆ ಫೋಟೋನೇ ಅಂತೀನಿ. ಸಿಲೂಯೆಟ್‌ಗೆ ಪ್ರಾಣಿ ಹಿಂದೆ ಬೆಳಗಿರೋ ಆಕಾಶ ಬೇಕು, ರಿಮ್ ಲೈಟ್‌ಗೆ ಹಿಂದೆ ಕತ್ತಲಿರ್ಬೇಕು, ನೆರಳಲ್ಲಿರೋ ಕಾಡೋ ಗುಡ್ಡವೋ, ಇಲ್ಲಾಂದ್ರೆ ಆ ಚಿನ್ನದ ಗೆರೆ ಆಕಾಶದ ಬೆಳಕಲ್ಲೇ ಕರಗೋಗುತ್ತೆ. ಸೂರ್ಯ ಇರೋ ಜಾಗನೂ ಬೇರೆ, ರಿಮ್‌ಗೆ ಅದು ಫ್ರೇಮ್‌ನಿಂದ ಆಚೆ, ಸ್ವಲ್ಪ ಪಕ್ಕಕ್ಕೋ ಮೇಲಕ್ಕೋ ಇದ್ರೆ ಒಳ್ಳೇದು. ಒಂದೇ ಬೆಳಿಗ್ಗೆ ಎರಡೂ ಸಿಗುತ್ತೆ, ನೀವು ತಿರುಗೋ ದಿಕ್ಕಿನ ಮೇಲೆ. ನಂಗೆ ಒಪ್ಪಿಗೆ ಇಲ್ದಿರೋದು ಎರಡರ ಮಧ್ಯದ್ದು ಮಾತ್ರ, ಸಿಲೂಯೆಟ್ ಆಗಿ ತೆಗೆದಿದ್ದನ್ನ ಆಮೇಲೆ ಶ್ಯಾಡೋ ಎತ್ತಿ ಬೂದುಬಣ್ಣದ, ನಾಯ್ಸ್ ತುಂಬಿದ ಮೈ ತೋರಿಸೋದು. ಅದ್ರಲ್ಲಿ ಗೆರೆಯ ಬಿಗಿಯೂ ಹೋಯ್ತು, ರೋಮದ ಸೊಗಸೂ ಬರ್ಲಿಲ್ಲ.

ಕಪ್ಪುಬಿಳುಪು:
ಹಿಂದೆ ಕತ್ತಲಿರ್ಬೇಕು ಅನ್ನೋದು ಒಪ್ಪಿದೆ. ಆದ್ರೂ ಮಂಜು ಇರೋ ದಿನ ಮಾತ್ರ ನಾನು ಪೂರ್ತಿ ಕಪ್ಪು ಮಾಡಲ್ಲ, ಮಂಜಲ್ಲಿ ಹತ್ರದ ಪ್ರಾಣಿ ಗಾಢವಾಗಿ, ಹಿಂದಿನದು ತಿಳಿಯಾಗಿ, ಅದರ ಹಿಂದಿನದು ಇನ್ನೂ ತಿಳಿಯಾಗಿ ಪದರ ಪದರವಾಗಿ ಬರುತ್ತೆ, ಎಡಿಟಿಂಗ್‌ನಲ್ಲಿ ಬ್ಲ್ಯಾಕ್ಸ್ ಎಳೆದು ಇನ್ನೂ ಕಪ್ಪು ಮಾಡಿದ್ರೆ ಆ ಪದರವೇ ಸತ್ತೋಗುತ್ತೆ.

ನಸುಕಿನ_ದಾರಿ:
ಇದಕ್ಕೆ ನನ್ನದೂ ಪೂರ್ತಿ ಸಹಮತ.

ಹೊಸ_ಲೆನ್ಸ್:
ಸೆಟ್ಟಿಂಗ್ ಸುಲಭ ಅಂದ್ರಿ ಸರ್, ಆದ್ರೂ ನನ್ನಂಥೋರಿಗೆ ಒಂದ್ಸಲ ಹೇಳ್ಬಿಡಿ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ತಾನೇ ಅಳೆದದ್ದಕ್ಕಿಂತ ಬೆಳಕು ಹೆಚ್ಚು ಕಮ್ಮಿ ಮಾಡೋ ಸೆಟ್ಟಿಂಗ್) ಮೈನಸ್ ಎರಡು ಇಟ್ಬಿಟ್ರೆ ಆಯ್ತು ಅಂತಾರೆ ಕೆಲವ್ರು, ಕೆಲವ್ರು ಬೇಡ ಅಂತಾರೆ.

ಡಾರ್ಕ್‌ರೂಮ್_ದೀಪ:
ನಾನು ಹೇಳ್ತೀನಿ. ಇಬ್ರೂ ಹೇಳೋದು ಸರಿ, ಸಂದರ್ಭ ಬೇರೆ ಅಷ್ಟೇ. ಸೂರ್ಯ ಇನ್ನೂ ಹುಟ್ಟಿಲ್ಲ, ಫ್ರೇಮ್ ತುಂಬಾ ಕಪ್ಪು ನೆಲ ಇದೆ ಅಂದಾಗ ಕ್ಯಾಮೆರಾ ಕತ್ತಲೆ ನೋಡಿ ಬೆಳಗಿಸೋಕೆ ಹೋಗುತ್ತೆ, ಆಗ ಮೈನಸ್ ಒಂದೋ ಎರಡೋ ಬೇಕೇ ಬೇಕು. ಸೂರ್ಯ ಫ್ರೇಮ್ ಒಳಗೇ ಇದ್ರೆ ಮೀಟರ್ ಅದನ್ನ ನೋಡಿ ತಾನೇ ಕೆಳಗಿಳಿಸಿರುತ್ತೆ, ಅದ್ರ ಮೇಲೆ ಮತ್ತೆ ಮೈನಸ್ ಎರಡು ಹಾಕಿದ್ರೆ ಆಕಾಶವೂ ಕೊಳೆ ಬಣ್ಣಕ್ಕೆ ಬರುತ್ತೆ. ಈ ಗೊಂದಲವೇ ಬೇಡ ಅಂದ್ರೆ ಮ್ಯಾನ್ಯುಯಲ್‌ಗೆ ಹೋಗಿ, ಸ್ಪಾಟ್ ಮೀಟರಿಂಗ್‌ನಲ್ಲಿ, ಅಂದ್ರೆ ಒಂದು ಸಣ್ಣ ಜಾಗದ ಬೆಳಕು ಮಾತ್ರ ಅಳೆಯೋ ಮೋಡ್‌ನಲ್ಲಿ, ಸೂರ್ಯನ ಪಕ್ಕದ ಆಕಾಶಕ್ಕೆ (ಸೂರ್ಯನಿಗೇ ಅಲ್ಲ) ಅಳೆದು ಲಾಕ್ ಮಾಡಿ. ಬೆಳಕು ನಿಮಿಷ ನಿಮಿಷಕ್ಕೂ ಏರ್ತಾ ಇರುತ್ತೆ, ಆಗಾಗ ಅಳೀತಾ ಇರ್ಬೇಕು.

ಬಹಳ ಜನ ಗಮನಿಸದ ವಿಷಯ ಒಂದಿದೆ. ಸೂರ್ಯೋದಯದ ಆಕಾಶದಲ್ಲಿ ಕೆಂಪು ಚಾನೆಲ್ ಮೊದಲು ತುಂಬಿ ಸುರಿಯುತ್ತೆ. ಸಾದಾ ಬಿಳಿ ಹಿಸ್ಟೋಗ್ರಾಮ್ (ಫೋಟೋದಲ್ಲಿ ಕಪ್ಪಿಂದ ಬಿಳಿವರೆಗೆ ಎಷ್ಟೆಷ್ಟಿದೆ ಅಂತ ತೋರಿಸೋ ಗ್ರಾಫ್) ನೋಡಿದ್ರೆ ಎಲ್ಲಾ ಸರಿ ಇದೆ ಅನ್ಸುತ್ತೆ, ಆರ್‌ಜಿಬಿ ಹಿಸ್ಟೋಗ್ರಾಮ್ ತೆಗೆದ್ರೆ ಕೆಂಪು ಬಲಗೋಡೆಗೆ ಒತ್ಕೊಂಡಿರುತ್ತೆ. ಆಮೇಲೆ ಸೂರ್ಯನ ಸುತ್ತ ಕೇಸರಿ ಇರ್ಬೇಕಾದ ಕಡೆ ಹಳದಿ ತೇಪೆ ಬರೋದು ಇದಕ್ಕೇ. ಆರ್‌ಜಿಬಿದು ಆನ್ ಮಾಡ್ಕೊಳ್ಳಿ.

ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಸರಿಮಾಡೋ ಸೆಟ್ಟಿಂಗ್) ಆಟೋದಲ್ಲಿ ಬಿಟ್ರೆ ಕ್ಯಾಮೆರಾ ಆ ಕೆಂಪನ್ನೇ ದೋಷ ಅಂದ್ಕೊಂಡು ಸರಿ ಮಾಡೋಕೆ ಹೋಗುತ್ತೆ. ಡೇಲೈಟ್‌ಗೆ ಇಡಿ, 5200 ಕೆಲ್ವಿನ್ ಆಸುಪಾಸು, ಕಣ್ಣಿಗೆ ಕಂಡದ್ದಕ್ಕೆ ಹತ್ರ ಇರುತ್ತೆ. ಅಪರ್ಚರ್ (ಲೆನ್ಸ್ ಒಳಗಿನ ಕಿಂಡಿಯ ಅಳತೆ) ಎಫ್/8 ಇಂದ 11, ಇಷ್ಟಕ್ಕೆ ಪ್ರಾಣಿ ಅಂಚೂ ಗಟ್ಟಿ, ಸೂರ್ಯನ ಅಂಚೂ ಒಂದು ಮಟ್ಟಿಗೆ ಗಟ್ಟಿ. ಎಫ್/2.8ರಲ್ಲಿ ಹತ್ರದ ಪ್ರಾಣಿಗೆ ಫೋಕಸ್ ಮಾಡಿದ್ರೆ ಸೂರ್ಯ ಊದಿಕೊಂಡು ಮೆತ್ತಗಿನ ಗೋಳ ಆಗುತ್ತೆ, ಅದೂ ಕೆಲವೊಮ್ಮೆ ಚೆಂದವೇ. ರಾ ಫೈಲ್‌ನಲ್ಲೇ (ಸೆನ್ಸರ್ ಹಿಡಿದದ್ದನ್ನ ಹಂಗೇ ಇಟ್ಟಿರೋ ಫೈಲ್) ತೆಗೀರಿ, ಆಕಾಶದ ಬಣ್ಣ ನಿಧಾನಕ್ಕೆ ಬದಲಾಗೋ ಕಡೆ 8 ಬಿಟ್ ಜೆಪೆಗ್‌ನ ಎಳೆದಾಡಿದ್ರೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತೆ.

ರೆಕ್ಕೆಪುಕ್ಕ:
ಫೋಕಸ್ ಬಗ್ಗೆ ಒಂದು ಸೇರಿಸ್ತೀನಿ, ಕಪ್ಪು ಮೈ ಮಧ್ಯಕ್ಕೆ ಪಾಯಿಂಟ್ ಇಟ್ರೆ ಲೆನ್ಸ್ ಹಿಂದೆ ಮುಂದೆ ಅಲೀತಾನೇ ಇರುತ್ತೆ, ಅಲ್ಲಿ ಹಿಡ್ಕೊಳ್ಳೋಕೆ ಏನೂ ಇರಲ್ಲ. ಬೆನ್ನಿನ ಗೆರೆ ಆಕಾಶಕ್ಕೆ ತಾಗೋ ಅಂಚಿಗೆ ಇಡಿ, ತಕ್ಷಣ ಕಚ್ಕೊಳ್ಳುತ್ತೆ. ಮತ್ತೆ ಲೆನ್ಸ್ ಮುಂದಿನ ಯುವಿ ಫಿಲ್ಟರ್ ಬಿಚ್ಚಿಡಿ, ಸೂರ್ಯ ಫ್ರೇಮಲ್ಲಿದ್ದಾಗ ಅದರ ಪ್ರತಿಬಿಂಬ ಇನ್ನೊಂದು ಮೂಲೆಯಲ್ಲಿ ಹಸಿರು ಚುಕ್ಕಿಯಾಗಿ ಬಂದು ಕೂರುತ್ತೆ.

ನಸುಕಿನ_ದಾರಿ:
ಡಾರ್ಕ್‌ರೂಮ್ ಅಣ್ಣ ಚೆನ್ನಾಗಿ ಬಿಡಿಸಿ ಹೇಳಿದ್ರಿ. ಸೂರ್ಯ ಫ್ರೇಮಲ್ಲಿ ಇರ್ಲೇಬೇಕು ಅನ್ನೋ ಹಟ ಮಾತ್ರ ಬೇಡ ಅಂತ ನನ್ನ ಅನಿಸಿಕೆ. ಹುಟ್ಟೋಕೆ ಮುಂಚಿನ ಇಪ್ಪತ್ತು ನಿಮಿಷದಲ್ಲೇ ಆಕಾಶದ ತುಂಬ ಬಣ್ಣ ಹರಡಿರುತ್ತೆ, ಫ್ಲೇರ್ ಇಲ್ಲ, ಗೆರೆ ಚೂಪಾಗಿ ಬರುತ್ತೆ. ಸೂರ್ಯ ಬಂದ ಮೇಲೆ ಸಣ್ಣ ಭಾಗಗಳ ಹಿಂದೆ ಅದನ್ನ ಇಡಬೇಡಿ. ಕಾಲು, ಕೊಂಬಿನ ತುದಿ, ಬಾಲದ ಹಿಂದೆ ಸೂರ್ಯ ಬಂದ್ರೆ ಬೆಳಕು ಎರಡೂ ಕಡೆಯಿಂದ ಒಳಗೆ ನುಗ್ಗಿ ಅದು ಸವೆದು ತೆಳ್ಳಗಾದಂಗೆ ಕಾಣುತ್ತೆ, ಒಂದೊಂದ್ಸಲ ಮಾಯವೇ ಆಗುತ್ತೆ. ದಪ್ಪ ಮೈ ಹಿಂದೆ ಪೂರ್ತಿ ಅಡಗಿಸಿ, ಇಲ್ಲ ಮೂತಿ ಮುಂದೆ ಖಾಲಿ ಆಕಾಶದಲ್ಲಿ ಬಿಡಿ.

ನಡೆಯೋ ಪ್ರಾಣಿಯ ಕಾಲಿನ ಬಗ್ಗೆ ಯಾರೂ ಹೇಳ್ಲಿಲ್ಲ. ನಡೀವಾಗ ಒಂದು ಪಕ್ಕದ ಮುಂಗಾಲು ಹಿಂಗಾಲು ಹೊಟ್ಟೆ ಕೆಳಗೆ ಹತ್ರ ಬಂದು, ಇನ್ನೊಂದು ಪಕ್ಕದ ಎರಡೂ ದೂರ ಚಾಚ್ಕೊಳ್ಳೋ ಗಳಿಗೆ ಒಂದಿದೆ. ನಾಲ್ಕೂ ಕಾಲು ಬೇರೆ ಬೇರೆಯಾಗಿ ಎಣಿಸೋ ಹಾಗೆ ಕಾಣೋದು ಆಗಲೇ. ಸ್ವಲ್ಪ ಮುಂಚೆ ಇಲ್ಲ ಆಮೇಲೆ ಒತ್ತಿದ್ರೆ ಎರಡು ಕಾಲಿನ ಕುದುರೆ, ಮೂರು ಕಾಲಿನ ಕಡವೆ. ಸಾವಧಾನವಾಗಿ ಅದರ ಹೆಜ್ಜೆಯ ಲಯ ನೋಡಿ, ಮೂರು ನಾಲ್ಕು ಹೆಜ್ಜೆ ಕ್ಲಿಕ್ ಮಾಡ್ದೆ ಬಿಟ್ಟು ಆಮೇಲೆ ಒತ್ತಿ. 1878ರಲ್ಲಿ ಮೈಬ್ರಿಡ್ಜ್ ಅನ್ನೋ ಫೋಟೋಗ್ರಾಫರ್ 12 ಕ್ಯಾಮೆರಾ ಸಾಲಾಗಿ ಇಟ್ಟು ಓಡೋ ಕುದುರೆಯ ಫೋಟೋ ತೆಗೆದ್ರಲ್ಲ, ಬಿಳಿ ಹಿನ್ನೆಲೆ ಎದುರು ಕುದುರೆ ಹೆಚ್ಚುಕಮ್ಮಿ ಕಪ್ಪು ನೆರಳೇ. ನಾಲ್ಕೂ ಕಾಲು ನೆಲ ಬಿಟ್ಟಾಗ ಅವು ಚಿತ್ರಕಾರರು ಬರೀತಿದ್ದ ಹಾಗೆ ಹಿಂದೆ ಮುಂದೆ ಚಾಚಿರಲ್ಲ, ಹೊಟ್ಟೆ ಕೆಳಗೆ ಮಡಚಿರ್ತವೆ ಅಂತ ಆ ಕಪ್ಪು ಆಕಾರದಿಂದಲೇ ಜಗತ್ತಿಗೆ ಗೊತ್ತಾಗಿದ್ದು. ಮೈಯ ವಿವರ ಒಂದೂ ಬೇಕಾಗ್ಲಿಲ್ಲ ಅದಕ್ಕೆ.

ಕಾಡಿನ_ಸದ್ದು:
ಎಲ್ಲಾ ಓದಿದೆ, ಒಳ್ಳೆ ಮಾತುಗಳು. ಆದ್ರೆ ಎರಡು ವಿಷಯ ಗಟ್ಟಿಯಾಗಿ ಹೇಳ್ಬೇಕು. ಒಂದು ಕಣ್ಣು. ಡಿಎಸ್‌ಎಲ್‌ಆರ್‌ನ ಆಪ್ಟಿಕಲ್ ವ್ಯೂಫೈಂಡರ್‌ನಲ್ಲಿ ಟೆಲಿ ಲೆನ್ಸ್ ಹಾಕ್ಕೊಂಡು ಸೂರ್ಯನ್ನ ನೋಡಬೇಡಿ. ಕೆಂಪಗೆ ಮಂಕಾಗಿ ಕಾಣ್ತಿದೆ, ಕಣ್ಣು ಕುಕ್ಕಲ್ಲ ಅಂತ ಧೈರ್ಯ ಮಾಡಬೇಡಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಆಗಲೂ ಬರ್ತಿರುತ್ತೆ, ಲೆನ್ಸ್ ಅದನ್ನ ಒಟ್ಟುಗೂಡಿಸಿ ಕಣ್ಣಿಗೆ ಬಿಡುತ್ತೆ, ರೆಟಿನಾ ಸುಟ್ರೆ ನೋವು ಕೂಡ ಗೊತ್ತಾಗಲ್ಲ. ಲೈವ್ ವ್ಯೂ ಹಾಕಿ ಸ್ಕ್ರೀನ್‌ನಲ್ಲಿ ನೋಡಿ, ಮಿರರ್‌ಲೆಸ್ ಇದ್ರೆ ಎಲೆಕ್ಟ್ರಾನಿಕ್ ವ್ಯೂಫೈಂಡರ್ ಇದ್ದೇ ಇದೆ. ಸೂರ್ಯ ಮೇಲೇರಿದ ಮೇಲೆ ಅದಕ್ಕೇ ಗುರಿ ಇಟ್ಟು ಕೂತ್ರೆ ಸೆನ್ಸರ್, ಶಟರ್ ಪರದೆ ಕೂಡ ಸುಡಬಹುದು, ಶಾಟ್ ಇಲ್ದಾಗ ಲೆನ್ಸ್ ಕ್ಯಾಪ್ ಹಾಕಿ.

ಎರಡನೇದು ಪ್ರಾಣಿ. ದಿಬ್ಬದ ಮೇಲೆ ಬರ್ಲಿ ಅಂತ ಗಾಡಿ ಅಡ್ಡ ಹಾಕೋದು, ಹಕ್ಕಿ ಗುಂಪು ಏಳ್ಲಿ ಅಂತ ಚಪ್ಪಾಳೆ ತಟ್ಟೋದು, ಡ್ರೋನ್ ಬಿಡೋದು, ಇದೆಲ್ಲಾ ಕಣ್ಣಾರೆ ನೋಡಿದೀನಿ, ಹೊಟ್ಟೆ ಉರಿಯುತ್ತೆ. ಹಕ್ಕಿಗಳು ರಾತ್ರಿಯೆಲ್ಲಾ ಚಳಿಗೆ ಕೊಬ್ಬು ಕರಗಿಸ್ಕೊಂಡು ಬೆಳಿಗ್ಗೆ ಮೇಯೋಕೆ ಶುರು ಮಾಡೋ ಹೊತ್ತದು. ಮೇಯ್ತಿದ್ದ ಪ್ರಾಣಿ ತಲೆ ಎತ್ತಿ, ಕಿವಿ ನಮ್ಮ ಕಡೆ ತಿರುಗಿಸಿ, ಬಾಯಲ್ಲಿದ್ದದ್ದನ್ನ ಅಗಿಯೋದು ನಿಲ್ಸಿದ್ರೆ ನಾವು ಜಾಸ್ತಿ ಹತ್ರ ಬಂದಿದೀವಿ ಅಂತ ಅರ್ಥ, ಅಲ್ಲಿಂದ ನಿಧಾನಕ್ಕೆ ಹಿಂದೆ ಸರೀಬೇಕು. ಮೇಷ್ಟ್ರ ಲೆಕ್ಕದ ಪ್ರಕಾರನೇ ದೂರ ಇದ್ದಷ್ಟೂ ಸೂರ್ಯ ದೊಡ್ಡದು, ಹಂಗಿರುವಾಗ ಹತ್ರ ಹೋಗಿ ಕಾಡೋಕೆ ನೆಪವೇ ಇಲ್ಲ.

ಲೆಕ್ಕದ_ಮೇಷ್ಟ್ರು:
ಖಂಡಿತ. ಅಟ್ಟಿಸಿಕೊಂಡು ಹೋಗೋ ಬದಲು ಮುಂಚೆನೇ ಲೆಕ್ಕ ಹಾಕಿ ಕೂರಬಹುದಲ್ಲ. ಪ್ರಾಣಿಗಳು ನೀರಿಗೆ ಹೋಗೋ ದಾರಿ ಹೆಚ್ಚಾಗಿ ಅದೇ ಇರುತ್ತೆ. ಸೂರ್ಯ ಹುಟ್ಟೋ ದಿಕ್ಕು ಮಾತ್ರ ವರ್ಷವಿಡೀ ಸರೀತಾ ಇರುತ್ತೆ, ಮಾರ್ಚ್ ಸೆಪ್ಟೆಂಬರ್‌ನಲ್ಲಿ ನೇರ ಪೂರ್ವ, ಜೂನ್‌ನಲ್ಲಿ ಈಶಾನ್ಯದ ಕಡೆ, ಡಿಸೆಂಬರ್‌ನಲ್ಲಿ ಆಗ್ನೇಯದ ಕಡೆ. ಸಮಭಾಜಕದ ಹತ್ರ ಇರೋರಿಗೂ ಜೂನ್‌ಗೂ ಡಿಸೆಂಬರ್‌ಗೂ 47 ಡಿಗ್ರಿ ವ್ಯತ್ಯಾಸ, ಧ್ರುವದ ಕಡೆ ಹೋದಂಗೆಲ್ಲಾ ಇನ್ನೂ ಜಾಸ್ತಿ. ಫೋಟೋಪಿಲ್ಸ್ ಥರದ ಆಪ್‌ನಲ್ಲಿ ಮ್ಯಾಪ್ ಮೇಲೆ ಗೆರೆ ಎಳೆದು ತೋರಿಸುತ್ತೆ, ಹಿಂದಿನ ದಿನವೇ ನೋಡ್ಕೊಂಡು ಹೋಗಿ.

ಹೊಸ_ಲೆನ್ಸ್:
ಒಂದು ಕಡೆ ತೆಗೆದ ಸೂರ್ಯನ್ನ ಇನ್ನೊಂದು ಕಡೆ ತೆಗೆದ ಜಿಂಕೆ ಹಿಂದೆ ಸೇರ್ಸೋದು ತಪ್ಪಾ ಸರ್? ಎಲ್ಲಾ ಕಪ್ಪೇ ಅಲ್ವಾ, ಯಾರಿಗೂ ಗೊತ್ತಾಗಲ್ಲ ಅಂತಾನೆ ನನ್ನ ಫ್ರೆಂಡ್.

ಡಾರ್ಕ್‌ರೂಮ್_ದೀಪ:
ಚಿತ್ರಕಲೆ ಅಂತ ಹೇಳಿ ಮಾಡಿದ್ರೆ ಯಾರ ಅಭ್ಯಂತರವೂ ಇಲ್ಲ. ವನ್ಯಜೀವಿ ಫೋಟೋ ಅಂತ ಹಾಕೋದಾದ್ರೆ ಸೇರಿಸಿದ್ದೀನಿ ಅಂತ ಬರೀಬೇಕು, ಇಲ್ಲಾಂದ್ರೆ ನೋಡೋರಿಗೆ ಮೋಸ. ಎಲ್ಲಾ ಕಪ್ಪೇ ಆಗಿರೋದ್ರಿಂದ ಇದ್ರಲ್ಲಿ ಸುಳ್ಳು ಹೇಳೋದು ಬಹಳ ಸುಲಭ, ಅದಕ್ಕೇ ಹೆಚ್ಚು ಪ್ರಾಮಾಣಿಕವಾಗಿರ್ಬೇಕು. ದೊಡ್ಡ ಸ್ಪರ್ಧೆಗಳಲ್ಲಿ ಕೊನೆ ಸುತ್ತಿಗೆ ಬಂದ್ರೆ ರಾ ಫೈಲ್ ಕೇಳ್ತಾರೆ. ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್‌ನಲ್ಲಿ 2009ರಲ್ಲಿ ಗೆದ್ದ ತೋಳದ ಫೋಟೋನ, ಅದು ಪಳಗಿಸಿದ ತೋಳ ಇರೋ ಸಾಧ್ಯತೆ ಹೆಚ್ಚು ಅಂತ 2010ರಲ್ಲಿ ಪಟ್ಟಿಯಿಂದಲೇ ತೆಗೆದ್ರು. ಅಲ್ಲಿ ಯಾವ ಎಡಿಟಿಂಗೂ ಇರ್ಲಿಲ್ಲ, ಹೇಳಿದ ಕಥೆಗೂ ನಡೆದದ್ದಕ್ಕೂ ತಾಳೆ ಆಗ್ಲಿಲ್ಲ ಅನ್ನೋದೇ ಕಾರಣ.

ನಿಮ್ಮ ಫ್ರೆಂಡ್‌ಗೆ ಇದನ್ನೂ ಹೇಳಿ, ಗೊತ್ತಾಗುತ್ತೆ. ಸೂರ್ಯ ದಿಗಂತಕ್ಕೆ ತಾಗಿದಾಗ ಪೂರ್ತಿ ಗುಂಡಗಿರಲ್ಲ, ವಾತಾವರಣ ಕೆಳಗಿನ ಅಂಚಿನ ಬೆಳಕನ್ನ ಜಾಸ್ತಿ ಬಗ್ಗಿಸೋದ್ರಿಂದ ಸ್ವಲ್ಪ ಚಪ್ಪಟೆಯಾಗಿರುತ್ತೆ. ದಿಗಂತದ ಮೇಲೆ ನಿಂತ ಜಿಂಕೆ ಹಿಂದೆ ಕಂಪಾಸ್‌ನಲ್ಲಿ ಕೊರೆದಂಥ ಗುಂಡು ಸೂರ್ಯ ಇದ್ರೆ ನೋಡೋರು ಕೇಳೇ ಕೇಳ್ತಾರೆ.

ಮೊಬೈಲ್_ಕಣ್ಣು:
ನನ್ನ ಹತ್ರ ಕ್ಯಾಮೆರಾ ಇಲ್ಲ, ಫೋನ್ ಮಾತ್ರ. ನಂಗೇನಾದ್ರೂ ದಾರಿ ಇದ್ಯಾ?

ನಸುಕಿನ_ದಾರಿ:
ಇದೆ, ಧಾರಾಳವಾಗಿ ಇದೆ. ಕಾಡುಪ್ರಾಣಿ ಬಿಡಿ, ಕುದುರೆ, ಹಸು, ನಾಯಿ, ಮೇಕೆ ಇವು ಹತ್ರಕ್ಕೆ ಬಿಟ್ಕೊಳ್ತವೆ, ಫೋನ್‌ನ ವೈಡ್ ಲೆನ್ಸ್‌ಗೆ ಅದೇ ಬೇಕು. ಆಕಾಶದ ಬೆಳಗಿರೋ ಕಡೆ ಬೆರಳಿಟ್ಟು ಒತ್ತಿ ಹಿಡೀರಿ, ಲಾಕ್ ಆಗುತ್ತೆ, ಆಮೇಲೆ ಪಕ್ಕದ ಸ್ಲೈಡರ್ ಕೆಳಗೆ ಎಳೀರಿ. ಎಚ್‌ಡಿಆರ್ ಆಫ್ ಮಾಡೋ ಆಯ್ಕೆ ಇದ್ರೆ ಆಫ್ ಮಾಡಿ, ಅದು ಕಪ್ಪಾಗಿರೋ ಮೈನೆಲ್ಲಾ ಬೆಳಗಿಸಿ ಬೂದು ಮಾಡುತ್ತೆ. ಫೋನ್‌ನ ದೊಡ್ಡ ಅನುಕೂಲ ಅಂದ್ರೆ ತಲೆಕೆಳಗೆ ಮಾಡಿ ಲೆನ್ಸ್‌ನ ನೆಲಕ್ಕೆ ತಾಗೋ ಹಾಗೆ ಇಡಬಹುದು, ಮೇಷ್ಟ್ರು ಹೇಳಿದ ದಿಗಂತದ ಗೆರೆ ಗೊರಸಿಗೇ ಇಳಿಯುತ್ತೆ, ಮೇಕೆಮರಿ ಕೂಡ ಪೂರ್ತಿ ಆಕಾಶದಲ್ಲಿ ನಿಲ್ಲುತ್ತೆ.

ಮೊಬೈಲ್_ಕಣ್ಣು:
ಸೂಪರ್ ಸರ್. ಪಕ್ಕದಲ್ಲೇ ಮೇಕೆ ಹಿಂಡಿದೆ, ಆದ್ರೆ ಯಾವಾಗ್ಲೂ ಒಂದಕ್ಕೊಂದು ಅಂಟ್ಕೊಂಡೇ ನಿಲ್ತವೆ, ಬಿಡಿಸಿ ಕಾಣಲ್ವಲ್ಲ?

ನಸುಕಿನ_ದಾರಿ:
ಹಿಂಡಿನ ನಡುವೆ ನೋಡಬೇಡಿ, ತುದಿಯಲ್ಲಿ ನೋಡಿ. ಒಂದೋ ಎರಡೋ ಮೇಯ್ತಾ ಮೇಯ್ತಾ ಬೇರೆಯಾಗಿ ಬರ್ತವೆ. ತಲೆ ನೆಲಕ್ಕೆ ಹಾಕಿ ಮೇಯುವಾಗ ಬೇಡ, ಮೂತಿ ಹುಲ್ಲಲ್ಲಿ ಮುಚ್ಚೋಗುತ್ತೆ. ಅಗಿಯೋಕೆ ತಾನಾಗೇ ತಲೆ ಎತ್ತುತ್ತಲ್ಲ, ಗಡ್ಡ, ಕೊಂಬು, ಕಿವಿ ಮೂರೂ ಆಕಾಶಕ್ಕೆ ಬಂದಾಗ ಒತ್ತಿ. ಮಧ್ಯದಲ್ಲಿ ಎರಡು ಅಂಟ್ಕೊಂಡೇ ಇದ್ರೂ ತುದಿದು ಬಿಡಿಯಾಗಿ ಸಿಕ್ರೆ ನೋಡೋರ ಕಣ್ಣು ಅದರಿಂದ ಗುರುತು ಹಿಡಿದು ಉಳಿದ ಕಪ್ಪನ್ನೂ ಮೇಕೆ ಅಂತಲೇ ಓದ್ಕೊಳ್ಳುತ್ತೆ. ತೆಗೆದಿದ್ದನ್ನ ಇಲ್ಲಿ ಹಾಕಿ, ನೋಡೋಣ.